ಕಡಲು ತಿದ್ದಿದ ಗಾಜಿಗೆ ತಾಮ್ರದ ಕಟ್ಟು

ಒಡೆದ ಬಳೆಯ ಚೂರುಗಳನ್ನು ದೀಪದ ಕುಡಿಗೆ ಹಿಡಿದು, ತುದಿ ಮೆತ್ತಗಾದ ಕೂಡಲೇ ಬಗ್ಗಿಸಿ, ಒಂದರೊಳಗೊಂದು ಕೋದು ಸರ ಮಾಡಿದ ನೆನಪು ನಮ್ಮಲ್ಲಿ ಅನೇಕರಿಗೆ ಇದ್ದೀತು. ಬಾಗಿಲಿಗೆ ತೋರಣವಾಗಿ ತೂಗುತ್ತಿದ್ದ ಅಂಥದೊಂದು ಸರವೇ ನಾನು ಮಾಡಿದ ಮೊದಲ ಗಾಜಿನ ಕೆಲಸ. ಈಗ ಮಾಡುವ ಕೆಲಸದಲ್ಲಿ ದೀಪವೂ ಇಲ್ಲ, ಬಗ್ಗಿಸುವುದೂ ಇಲ್ಲ. ಕಡಲ ದಂಡೆಯಲ್ಲಿ ಸಿಗುವ ಗಾಜಿಗೆ ಆಗಬೇಕಾದ ಸಂಸ್ಕಾರವೆಲ್ಲ ಮೊದಲೇ ಆಗಿರುತ್ತದೆ. ಅದನ್ನು ಗುರುತಿಸಿ, ಕೆಡಿಸದೆ ಕೊರಳಿಗೆ ಏರಿಸುವುದಷ್ಟೇ ನಮ್ಮ ಪಾಲಿನದು.

ಒಡೆದ ಬಾಟಲಿ ಕಡಲಿಗೆ ಬಿದ್ದ ಮೇಲೆ ಎರಡು ಕೆಲಸಗಳು ಒಟ್ಟೊಟ್ಟಿಗೆ ನಡೆಯುತ್ತವೆ. ಅಲೆಗಳು ಅದನ್ನು ಮರಳಿಗೂ ಕಲ್ಲಿಗೂ ಉಜ್ಜಿ ಅಂಚು ಸವೆಸುತ್ತವೆ. ನೀರು ಗಾಜಿನ ಮೇಲ್ಪದರದ ಸೋಡಿಯಂ ಅಂಶವನ್ನು ಮೆಲ್ಲಗೆ ಕರಗಿಸಿ ಒಯ್ಯುತ್ತದೆ. ಮೈಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಗುಳಿಗಳು ಏಳುತ್ತವೆ. ಮಂಜು ಕವಿದಂತಹ ಮಬ್ಬು ಬರುವುದು ಹೀಗೆ. ಇದಕ್ಕೆ ಹತ್ತಾರು ವರ್ಷ ಬೇಕು. ಭೂತಗನ್ನಡಿಯಲ್ಲಿ ನೋಡಿದರೆ ಬಿದಿಗೆ ಚಂದ್ರನಂತೆ ಬಾಗಿದ ಪುಟ್ಟ ಪುಟ್ಟ ಗೀರುಗಳು ಕಾಣುತ್ತವೆ. ಯಂತ್ರದಲ್ಲಿ ಉರುಳಿಸಿಯೋ ಆಮ್ಲದಲ್ಲಿ ಅದ್ದಿಯೋ ಮಾರುವ ಗಾಜಿನ ಮೈ ಎಲ್ಲ ಕಡೆ ಒಂದೇ ಸಮನಾಗಿ ನಯವಾಗಿರುತ್ತದೆ, ಆ ಗೀರುಗಳು ಇರುವುದಿಲ್ಲ.

ಹೆಕ್ಕುವ ಹೊತ್ತು, ಹೆಕ್ಕುವ ಜಾಗ

ಇಂಗ್ಲೆಂಡಿನ ಸೀಹ್ಯಾಮ್ ಊರಿನಲ್ಲಿ 1850ರ ದಶಕದಲ್ಲಿ ಆರಂಭವಾಗಿ 1921ರಲ್ಲಿ ಮುಚ್ಚಿದ ಬಾಟಲಿ ಕಾರ್ಖಾನೆಯ ಗಾಜಿನ ಕಸವೆಲ್ಲ ಕಡಲಿಗೇ ಹೋಗುತ್ತಿತ್ತು. ಅಲ್ಲಿನ ದಂಡೆಗೆ ಇಂದಿಗೂ ಬಣ್ಣಬಣ್ಣದ ಗಾಜು ಬಂದು ಬೀಳುತ್ತದೆ. ನಮ್ಮ ಕರಾವಳಿಯಲ್ಲಿ ಅಂತಹ ಸುಗ್ಗಿ ಇಲ್ಲ, ತಾಳ್ಮೆಯಿಂದ ಹುಡುಕಬೇಕು. ಬರೀ ಮರಳು ಹಾಸಿದ ದಂಡೆಗಿಂತ ಕಲ್ಲುಬಂಡೆಗಳಿರುವ ಕಡೆ ನೋಡಿ. ಸುರತ್ಕಲ್ ದೀಪಸ್ತಂಭದ ಆಸುಪಾಸು, ಸೋಮೇಶ್ವರ, ಕಾಪು, ಗೋಕರ್ಣದ ಕಲ್ಲುದಂಡೆಗಳು, ಅಳಿವೆಬಾಗಿಲುಗಳು ಹುಡುಕಲು ತಕ್ಕ ಜಾಗಗಳು. ಮಳೆಗಾಲದಲ್ಲಿ ಹೋಗುವುದು ಬೇಡ, ಆಗಿನ ಕಡಲನ್ನು ನಂಬಲಾಗದು. ಕಡಲು ತಣ್ಣಗಾದ ಮೇಲೆ, ಅಮಾವಾಸ್ಯೆ ಅಥವಾ ಹುಣ್ಣಿಮೆಯ ಆಚೀಚೆ, ಇಳಿತದ ಹೊತ್ತಿಗೆ ಹೋಗಿ. ಆ ದಿನಗಳಲ್ಲಿ ನೀರು ಹೆಚ್ಚು ದೂರ ಹಿಂದೆ ಸರಿಯುತ್ತದೆ. ಕಾಲಿಗೆ ಗಟ್ಟಿ ಚಪ್ಪಲಿ ಇರಲಿ.

ಸಿಕ್ಕಿದ್ದನ್ನು ನಾನು ಮಾವಿನಕಾಯಿಯಂತೆ ಮೂರು ಬಗೆ ಮಾಡುತ್ತೇನೆ. ಅಂಚು ಚೂಪಾಗಿದ್ದು ಮೈ ಹೊಳೆಯುತ್ತಿದ್ದರೆ ಅದು ಕಾಯಿ. ಅಂಚು ಸವೆದಿದೆ, ಹೊಳಪು ಇನ್ನೂ ಅಲ್ಲಲ್ಲಿ ಉಳಿದಿದೆ ಎಂದರೆ ದೋರೆಗಾಯಿ. ಎಲ್ಲ ಅಂಚೂ ದುಂಡಾಗಿ ಮೈಯೆಲ್ಲ ಮಬ್ಬಾಗಿದ್ದರೆ ಹಣ್ಣು. ಆಭರಣಕ್ಕೆ ಹಣ್ಣೇ ಬೇಕು. ಕಾಯಿಯನ್ನು ಮತ್ತೆ ಕಡಲಿಗೆ ಎಸೆಯಿರಿ, ಮುಂದೊಂದು ದಿನ ಹಣ್ಣಾಗುತ್ತದೆ ಎಂದು ಕೆಲವರು ಹೇಳುವುದುಂಟು. ನಾನು ಒಪ್ಪುವುದಿಲ್ಲ. ಅದೇ ದಂಡೆಯಲ್ಲಿ ಕೈರಂಪಣಿ ಬಲೆ ಎಳೆಯುವವರು ಬರಿಗಾಲಲ್ಲಿ ನಿಂತಿರುತ್ತಾರೆ. ಚೂಪು ಚೂರುಗಳನ್ನು ಬೇರೆ ಚೀಲದಲ್ಲಿ ತಂದು, ಗಟ್ಟಿ ಕಾಗದದಲ್ಲಿ ಸುತ್ತಿ, ಒಣಕಸದವರಿಗೆ ಗಾಜು ಎಂದು ತಿಳಿಸಿಯೇ ಕೊಡಿ. ಹಾಗೆಯೇ, ಗಾಜು ಹುಡುಕುವಾಗ ಹವಳದ ತುಂಡು ಕಂಡರೆ ಆಸೆಪಡಬೇಡಿ. ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಹವಳಕ್ಕೆ ರಕ್ಷಣೆ ಇದೆ.

ಹೆಚ್ಚಾಗಿ ಸಿಗುವ ಬಣ್ಣಗಳು ಬಿಳಿ, ಕಂದು, ಹಸಿರು. ಕೋಬಾಲ್ಟ್ ಸೇರಿಸಿದ ಗಾಢ ನೀಲಿ ಅಪರೂಪ. ಹಳೆಯ ಔಷಧಿ ಬಾಟಲಿ, ಮುಲಾಮಿನ ಡಬ್ಬಿಗಳಿಂದ ಬಂದದ್ದು. ಕೆಂಪು ಇನ್ನೂ ಅಪರೂಪ. ನನ್ನ ಪಾಲಿಗೆ ಎಲ್ಲಕ್ಕಿಂತ ದೊಡ್ಡ ಸಿರಿ ಎಂದರೆ ಗೋಲಿ ಸೋಡಾದ ಗೋಲಿ. ಇಂಗ್ಲೆಂಡಿನ ಹಿರಾಮ್ ಕಾಡ್ 1870ರ ದಶಕದಲ್ಲಿ ಪೇಟೆಂಟ್ ಪಡೆದ ಆ ಬಾಟಲಿ ಅದರ ತವರಿನಲ್ಲಿ ಮರೆಯಾದರೂ ನಮ್ಮ ಪೆಟ್ಟಿಗೆ ಅಂಗಡಿಗಳಲ್ಲಿ ಬಹುಕಾಲ ಬಾಳಿತು. ಕಡಲಿನಲ್ಲಿ ಮಬ್ಬಾದ ಗೋಲಿಯೊಂದು ಅಂಗೈಗೆ ಬಂದರೆ ಚಂದ್ರನ ಮರಿಯನ್ನೇ ಹಿಡಿದಂತೆ ಅನಿಸುತ್ತದೆ.

ತೊಳೆಯುವುದು

ಗಾಜನ್ನು ಒಂದು ರಾತ್ರಿ ಸಿಹಿನೀರಿನಲ್ಲಿ ನೆನೆಹಾಕಿ, ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ. ಸುಣ್ಣದಂತಹ ಚಿಪ್ಪು ಅಂಟಿಕೊಂಡಿದ್ದರೆ ಕೆಲವು ಗಂಟೆ ವಿನೆಗರ್‌ನಲ್ಲಿ ಇಡಿ, ಸಡಿಲವಾಗುತ್ತದೆ. ಒಣಗಿದ ಮೇಲೆ ಬಣ್ಣ ಮಂಕಾದಂತೆ ಕಾಣುತ್ತದೆ. ಆಗ ಎಣ್ಣೆ ಸವರಲು ಕೈ ತುಡಿಯುತ್ತದೆ, ಸವರಬೇಡಿ. ಎಣ್ಣೆ ಆ ಮಬ್ಬನ್ನು ಮುಚ್ಚಿಬಿಡುತ್ತದೆ, ಧೂಳನ್ನೂ ಹಿಡಿಯುತ್ತದೆ. ಮೈಗೆ ತಾಗಿ ಬೆಚ್ಚಗಾದ ಮಬ್ಬುಗಾಜಿಗೆ ಬೆಳಕು ಬಿದ್ದಾಗಿನ ಚೆಲುವು ಪಾಲಿಶ್ ಮಾಡಿದ ಗಾಜಿಗೆ ಬರುವುದಿಲ್ಲ. ಇನ್ನು, ಬಳೆಚೂರಿನ ನೆನಪಿನಲ್ಲಿ ಇದನ್ನು ಬೆಂಕಿಗೆ ಹಿಡಿಯಲೇಬೇಡಿ. ದಪ್ಪ ಗಾಜು ಒಮ್ಮೆಲೇ ಕಾದರೆ ಸಿಡಿಯುತ್ತದೆ.

ತಂತಿ ಕಟ್ಟಿ ಪದಕ

ತಾಮ್ರದ ತಂತಿಯನ್ನು ಮೋಟಾರ್ ವೈಂಡಿಂಗ್ ಅಂಗಡಿಯಲ್ಲಿ ಕೇಳಿ, ತೂಕದ ಲೆಕ್ಕದಲ್ಲಿ ಸಿಗುತ್ತದೆ. ಕಟ್ಟಿಗೆ 21 ಗೇಜ್, ಎಂದರೆ ಸುಮಾರು 0.8 ಮಿ.ಮೀ. ದಪ್ಪದ್ದು, ಬಿಗಿಯಲು 25 ಗೇಜ್, ಸುಮಾರು 0.5 ಮಿ.ಮೀ. ಇವು ಮೆದುವಾಗಿರುತ್ತವೆ, ಮೇಲಿನ ಎನಾಮೆಲ್ ಲೇಪನದಿಂದ ಬೇಗ ಕಪ್ಪಾಗುವುದೂ ಇಲ್ಲ. ಮೂರು ಇಕ್ಕಳ ಬೇಕು: ದುಂಡು ಮೂತಿಯದು, ಚಪ್ಪಟೆ ಮೂತಿಯದು, ಕತ್ತರಿಸುವುದು. ಚಪ್ಪಟೆ ಇಕ್ಕಳಕ್ಕೆ ಹಲ್ಲಿದ್ದರೆ ಟೇಪ್ ಸುತ್ತಿಕೊಳ್ಳಿ, ಇಲ್ಲದಿದ್ದರೆ ತಂತಿಯ ಮೇಲೆ ಗಾಯವಾಗುತ್ತದೆ.

ಮೊದಲ ಸಲ ಗಾಜನ್ನು ಮುಟ್ಟದೆ ಅಷ್ಟೇ ಗಾತ್ರದ ಬೆಣಚುಕಲ್ಲಿನ ಮೇಲೆ ಕೈ ಪಳಗಿಸಿಕೊಳ್ಳಿ. ಎರಡರಿಂದ ಮೂರು ಸೆಂ.ಮೀ. ಉದ್ದದ, ಒಂದು ಕಡೆ ತುಸು ಕಿರಿದಾದ ಚೂರು ಕಲಿಯುವವರಿಗೆ ಅನುಕೂಲ.

ದಪ್ಪ ತಂತಿಯನ್ನು 25 ಸೆಂ.ಮೀ. ಉದ್ದದ ಎರಡು ತುಂಡು ಮಾಡಿ, ಬಟ್ಟೆಯೊಳಗೆ ಹಿಡಿದು ಎಳೆದು ನೇರ ಮಾಡಿ. ಎರಡರ ನಡುಮಧ್ಯವನ್ನು ಅಡ್ಡಡ್ಡ ಇಟ್ಟು ಒಂದು ಸುತ್ತು ಹೊಸೆದರೆ ನಾಲ್ಕು ತೋಳುಗಳ ಗುಣಾಕಾರ ಚಿಹ್ನೆಯಾಗುತ್ತದೆ. ಗಾಜಿನ ಕಿರಿದಾದ ತುದಿಯನ್ನು ಆ ಗಂಟಿನ ಮೇಲೆ ಕೂರಿಸಿ. ಎರಡು ತೋಳು ಮುಂದೆ, ಎರಡು ಹಿಂದೆ. ಹೆಬ್ಬೆರಳಿನಿಂದ ಒತ್ತುತ್ತಾ ನಾಲ್ಕನ್ನೂ ಗಾಜಿನ ಮೈಗುಂಟ ಮೇಲಕ್ಕೆ ತನ್ನಿ. ಎಡ ಅಂಚಿನಲ್ಲಿ ಮುಂದಿನ ತೋಳನ್ನೂ ಹಿಂದಿನ ತೋಳನ್ನೂ ಸಣ್ಣ ತಂತಿಯಿಂದ ಮೂರು ನಾಲ್ಕು ಸುತ್ತು ಬಿಗಿಯಿರಿ. ಬಲ ಅಂಚಿನಲ್ಲೂ ಹಾಗೆಯೇ. ಈ ಎರಡು ಬಿಗಿತಗಳೇ ಗಾಜು ಜಾರದಂತೆ ಹಿಡಿಯುವುದು, ಇಲ್ಲಿ ಅವಸರ ಬೇಡ.

ಈಗ ನಾಲ್ಕೂ ತೋಳುಗಳು ನೆತ್ತಿಯಲ್ಲಿ ಕೂಡುತ್ತವೆ. ಒಂದನ್ನು ಉಳಿದ ಮೂರರ ಸುತ್ತ, ಗಾಜಿಗೆ ತಾಗಿದಂತೆಯೇ, ಮೂರು ಸುತ್ತು ಸುತ್ತಿ ಕತ್ತರಿಸಿ. ಮೂರರಲ್ಲಿ ಎರಡನ್ನು ಆ ಸುತ್ತಿನ ಮೇಲ್ಗಡೆಗೆ ಸರಿಯಾಗಿ ಕತ್ತರಿಸಿ. ಉಳಿದ ಒಂದನ್ನು ದುಂಡು ಇಕ್ಕಳದ ಮೂತಿಗೆ ಸುತ್ತಿ ಕುಣಿಕೆ ಮಾಡಿ, ಬಾಲವನ್ನು ಕುಣಿಕೆಯ ಕುತ್ತಿಗೆಗೆ ಎರಡು ಸುತ್ತು ಹಾಕಿ. ಕತ್ತರಿಸಿದ ಪ್ರತಿಯೊಂದು ತುದಿಯನ್ನೂ ಒಳಗೆ ಒತ್ತಿ, ಬೆರಳಾಡಿಸಿ ನೋಡಿ. ಸೀರೆಯ ಸೆರಗಿಗೆ ತೊಡರಬಾರದು, ಕೊರಳಿಗೆ ಗೀರಬಾರದು. ಕಿವಿಯ ಬಳಿ ಹಿಡಿದು ಅಲ್ಲಾಡಿಸಿದಾಗ ಕಿಟಿಕಿಟಿ ಸದ್ದು ಬಂದರೆ ಕಟ್ಟು ಸಡಿಲವಿದೆ ಎಂದರ್ಥ. ಹಿಂಭಾಗದ ತಂತಿಯನ್ನು ಚಪ್ಪಟೆ ಇಕ್ಕಳದಲ್ಲಿ ಹಿಡಿದು ತುಸುವೇ ತಿರುಚಿ. ತಂತಿ ಅಲ್ಲಿ ಕೊಂಕಿ, ಸಡಿಲವೆಲ್ಲ ಎಳೆದುಕೊಳ್ಳುತ್ತದೆ. ಈ ಕೊಂಕು ಮುಂಭಾಗದಲ್ಲಿ ಬೇಡ. ಅಲ್ಲಿ ಗಾಜೇ ಕಾಣಲಿ.

ತೂತು ಕೊರೆಯಲೇಬೇಕೆಂದರೆ

ನಾನು ಕೊರೆಯುವುದು ಕಡಿಮೆ. ಬಹಳ ದಿನ ಕಾದು ಸಿಕ್ಕಿದ ಒಂದೇ ಒಂದು ನೀಲಿ ಚೂರನ್ನು ನೀರಿಲ್ಲದೆ ಕೊರೆಯಲು ಹೋಗಿ ಎರಡು ಹೋಳಾದದ್ದನ್ನು ಕಣ್ಣಾರೆ ನೋಡಿದ್ದೇನೆ. ಆ ಸಂಕಟ ಇನ್ನೂ ಇದೆ. ಕಿವಿಯೋಲೆಯಂತಹ ಸಣ್ಣ ಚೂರಿಗೆ ಮಾತ್ರ ತೂತು ಅನಿವಾರ್ಯ. 1.5 ಮಿ.ಮೀ.ನ ವಜ್ರಪುಡಿ ಲೇಪಿತ ಬಿಟ್ ಮತ್ತು ಬ್ಯಾಟರಿಯಿಂದ ನಡೆಯುವ ಪುಟ್ಟ ರೋಟರಿ ಯಂತ್ರ ಬಳಸಿ. ನೀರಿನ ಪಕ್ಕದಲ್ಲಿ ಕರೆಂಟಿನ ವೈರು ಬೇಡವೇ ಬೇಡ. ಅಗಲ ಬಟ್ಟಲಿನಲ್ಲಿ ಮರದ ತುಂಡು, ಅದರ ಮೇಲೆ ಗಾಜು, ಗಾಜು ಮುಳುಗುವಷ್ಟು ನೀರು. ಕಣ್ಣಿಗೆ ಕನ್ನಡಕ, ಮೂಗಿಗೆ ಮಾಸ್ಕ್. ಅಂಚಿನಿಂದ ಮೂರು ನಾಲ್ಕು ಮಿ.ಮೀ. ಒಳಗೆ, ಮೊದಲು ಓರೆಯಾಗಿ ಹಿಡಿದು ಸಣ್ಣ ಗುರುತು ಮಾಡಿ, ಆಮೇಲೆ ನೆಟ್ಟಗೆ ಹಿಡಿಯಿರಿ. ಒತ್ತಬೇಡಿ. ಆಗಾಗ ಎತ್ತಿ ಪುಡಿ ಹೊರಬರಲು ಬಿಡಿ. ಅರ್ಧ ಕೊರೆದ ಮೇಲೆ ಗಾಜನ್ನು ಮಗುಚಿ ಇನ್ನೊಂದು ಬದಿಯಿಂದ ಕೊರೆಯಿರಿ. ಒಂದೇ ಕಡೆಯಿಂದ ಹೋದರೆ ಹೊರಬೀಳುವ ಜಾಗದಲ್ಲಿ ಚಕ್ಕೆ ಎದ್ದುಬಿಡುತ್ತದೆ.

ತೂತಿಗೆ ಹಾಕುವ ಚಿಕ್ಕ ಬಳೆಯನ್ನು ಮಣಿ ಅಂಗಡಿಯಲ್ಲಿ ಜಂಪ್ ರಿಂಗ್ ಎಂದು ಕೇಳಿ. ಅದನ್ನು ಎರಡು ಕಡೆ ಎಳೆದು ಅಗಲಿಸಬಾರದು. ಒಂದು ತುದಿಯನ್ನು ಮುಂದಕ್ಕೆ, ಇನ್ನೊಂದನ್ನು ಹಿಂದಕ್ಕೆ ತಿರುಗಿಸಿ ತೆರೆದರೆ ಮುಚ್ಚುವಾಗ ದುಂಡಗೆ ಕೂಡುತ್ತದೆ. ಕಿವಿಗೆ ಹೋಗುವ ಕೊಕ್ಕೆ ಮಾತ್ರ ಬೆಳ್ಳಿಯದೇ ಇರಲಿ, ಅಕ್ಕಸಾಲಿಗರಲ್ಲಿ ಮಾಡಿಸಿಕೊಳ್ಳಿ. ಜೋಡಿ ಚೂರುಗಳು ಅವಳಿಗಳಂತೆ ಸಿಗುವುದಿಲ್ಲ. ಬಣ್ಣ, ತೂಕ ಹೊಂದುವ ಅಕ್ಕತಂಗಿಯರು ಸಿಕ್ಕರೆ ಸಾಕು.

ಲೇಪನವಿಲ್ಲದ ತಾಮ್ರ ಬಳಸಿದ್ದರೆ ಬೆವರಿಗೆ ಕಪ್ಪಾಗುತ್ತದೆ. ಮನೆಯ ತಾಮ್ರದ ಚೊಂಬಿಗೆ ಮಾಡುವಂತೆಯೇ ಹುಣಸೆಹಣ್ಣಿನಿಂದ ಉಜ್ಜಿ, ತೊಳೆದು, ಒರೆಸಿಡಿ. ಎನಾಮೆಲ್ ತಂತಿಗೆ ಒದ್ದೆ ಬಟ್ಟೆ ಸಾಕು. ಉಳಿದ ಚೂರುಗಳನ್ನು ಡಬ್ಬಿಗೆ ಹಾಕುವಾಗ ಯಾವ ದಂಡೆ, ಯಾವ ದಿನ ಎಂದು ಚೀಟಿ ಬರೆದಿಡುತ್ತೇನೆ. ಪದಕವನ್ನು ಯಾರಿಗಾದರೂ ಕೊಡುವಾಗ ಆ ಚೀಟಿಯೂ ಅದರ ಜೊತೆಗೇ ಹೋಗುತ್ತದೆ.