ಗಲೀಜು ಮಾಡೋ ಕುದುರೆಗೆ ಯಾವ ಹಾಸು ಹಾಕ್ಬೇಕು: ಪುಣೆ ಮಳೆಗಾಲದ ಲೆಕ್ಕ

ಪುಣೆಗೆ ಬಂದ ಹೊಸದ್ರಲ್ಲಿ ಫೋನಲ್ಲೇ ಹತ್ತು ಚೀಲ ಬೂಸಾ ಆರ್ಡರ್ ಮಾಡಿದ್ದೆ, ಕುದುರೆಗೆ ತಿನ್ನೋಕೆ ಅಂತ. ಟೆಂಪೋದಲ್ಲಿ ಬಂದು ಇಳಿದಿದ್ದು ಹತ್ತು ಚೀಲ ಮರದ ಪುಡಿ. ಅಂಗಡಿಯವನದ್ದೂ ತಪ್ಪಿಲ್ಲ ಬಿಡಿ, ನಮ್ಮ ಕಡೆ ಬೂಸಾ ಅಂದ್ರೆ ದನ ತಿನ್ನೋ ಗೋಧಿ ಬೂಸಾ, ಇಲ್ಲಿ ಭುಸಾ ಅಂದ್ರೆ ಗರಗಸದ ಪುಡಿನೂ ಆಗ್ಬಹುದು, ಗೋಧಿ ಒಕ್ಕಿದ ಮೇಲೆ ಉಳಿಯೋ ಹೊಟ್ಟೂ ಆಗ್ಬಹುದು. ವಾಪಸ್ ತಗೊಳ್ಳಲ್ಲ ಅಂದ, ಸರಿ ಹಾಳಾಗ್ಲಿ ಅಂತ ಅಷ್ಟನ್ನೂ ಸಾಹುಕಾರನ ಕಾಲಡಿಗೆ ಹರವಿದ್ವಿ. ಹಾಸು ಅಂದ್ರೆ ಲಾಯದಲ್ಲಿ ಕುದುರೆ ಕಾಲಡಿಗೆ ಹರಡೋ ಮಾಲು, ಅದರ ವಿಷಯದಲ್ಲಿ ನನ್ನ ಪಾಠ ಶುರುವಾಗಿದ್ದು ಹೀಗೆ.

ಸಾಹುಕಾರ ಅಂದ್ರೆ ನಮ್ಮ ಕುದುರೆ, ರೇಸಿಂದ ರಿಟೈರ್ ಆದ ಥರೋಬ್ರೆಡ್ ಜಾತಿಯದ್ದು, ಬೀಜ ಒಡೆಸಿದ ಗಂಡು, ಬಣ್ಣ ಬಿಳಿ. ಬಿಳಿ ಅನ್ನೋದು ಹೆಸರಿಗೆ, ಬೆಳಿಗ್ಗೆ ಆರಕ್ಕೆ ಬಾಗಿಲು ತೆಗೆದ್ರೆ ಒಂದು ಮಗ್ಗಲು ಹಳದಿ, ತೊಡೆ ಹಸಿರು, ಕಿವಿಯಲ್ಲಿ ಲದ್ದಿ. ಪುಣೆ ಅಂಚಿನ ವಾಘೋಲಿ ಆಚೆ ಇರೋ ಸಣ್ಣ ತಬೇಲಾದಲ್ಲಿ, ಅಂದ್ರೆ ಲಾಯದಲ್ಲಿ ಇದಾನೆ, ಅಲ್ಲಿ ಸಾಯಿಸ್ ಅಂದ್ರೆ ಕುದುರೆ ನೋಡ್ಕೊಳ್ಳೋ ಕೆಲಸ ಮಾಡೋ ಕಾಕಾ ಇಂಡಿ ಕಡೆಯವರು, ಅರ್ಧ ಆಯಸ್ಸು ರೇಸ್ ಕುದುರೆಗಳ ಜೊತೆ ಚಳಿಗಾಲ ಮುಂಬೈನ ಮಹಾಲಕ್ಷ್ಮಿ ರೇಸ್‌ಕೋರ್ಸು, ಮಳೆಗಾಲ ಪುಣೆ ಅಂತ ಓಡಾಡಿದೋರು. ಅವರು ಮೊದಲ ದಿನವೇ ಹೇಳಿದ್ರು, "ತಂಗೀ, ಬಿಳಿ ಕುದುರಿ ತಗೊಂಡೀದಿ ಅಂದ್ರ ಅರ್ಧ ದೋಬಿ ಆದಂಗ ನೋಡವಾ."

ಯಾರಾದ್ರೂ ಯಾವ ಹಾಸು ಒಳ್ಳೇದು ಅಂತ ಕೇಳಿದ್ರೆ ನಾನು ವಾಪಸ್ ಕೇಳೋದು ಒಂದೇ, ನಿಮ್ಮ ಕುದುರೆ ಗಲೀಜು ಮಾಡೋದು ಯಾವ ಥರ? ಉಚ್ಚೆ ಜಾಸ್ತಿನಾ, ಲದ್ದಿ ತುಳಿದು ಕಲಸುತ್ತಾ, ಕಾಲಲ್ಲಿ ಕೆರೀತಾ, ಇಲ್ಲಾ ಹಾಸನ್ನೇ ತಿನ್ನುತ್ತಾ. ನಾಲ್ಕಕ್ಕೂ ಮದ್ದು ಬೇರೆ ಬೇರೆ, ಒಂದಕ್ಕೆ ಆಗೋದು ಇನ್ನೊಂದಕ್ಕೆ ಕೆಡಿಸುತ್ತೆ. ಅದಕ್ಕೆ ದುಡ್ಡು ಬಿಚ್ಚೋ ಮುಂಚೆ ನಾಲ್ಕೈದು ದಿನ ಬೆಳಿಗ್ಗೆ ಕ್ಲೀನ್ ಮಾಡೋಕೆ ಮೊದಲು ಬಾಗಿಲಲ್ಲಿ ನಿಂತು ಒಂದು ಫೋಟೋ ಹೊಡೀರಿ. ಗಂಡು ಕುದುರೆ ಸಾಮಾನ್ಯವಾಗಿ ನಡುಮಧ್ಯೆ ಉಚ್ಚೆ ಮಾಡುತ್ತೆ, ಹೆಣ್ಣಾದ್ರೆ ಹಿಂದಿನ ಗೋಡೆ ಕಡೆ. ಐದು ಫೋಟೋದಲ್ಲೂ ಒದ್ದೆ ಒಂದೇ ಜಾಗದಲ್ಲಿದ್ರೆ ನಿಮ್ಮ ಕುದುರೆ ಗಲೀಜಲ್ಲ, ಶಿಸ್ತಿನ ಮನುಷ್ಯ, ಅಲ್ಲಿ ಮಾತ್ರ ದಪ್ಪ ಹಾಕಿ ಮುಗೀತು. ಗೋಡೆಗುಂಟ ರೌಂಡ್ ಹೊಡೆದು ಚಕ್ರದ ಥರ ದಾರಿ ಮಾಡಿಕೊಂಡಿದ್ರೆ ಅದು ಹಾಸಿನ ಸಮಸ್ಯೆ ಅಲ್ಲವೇ ಅಲ್ಲ, ಬೇಜಾರು, ಹೊರಗೆ ಬಿಡೋ ಟೈಮ್ ಜಾಸ್ತಿ ಮಾಡ್ಬೇಕು.

ಉಚ್ಚೆ ಜಾಸ್ತಿ ಅನಿಸಿದ್ರೆ ಮೊದಲು ಮೇವು ನೋಡಿ. ಇಲ್ಲಿ ಲಸೂಣ್ ಘಾಸ್ ಅಂತ ಕೊಡ್ತಾರೆ, ಹೆಸರು ಕೇಳಿ ಬೆಳ್ಳುಳ್ಳಿ ಅನ್ಕೋಬೇಡಿ, ಅದು ಕುದುರೆ ಮೆಂತ್ಯ, ಅಂದ್ರೆ ಲೂಸರ್ನ್. ಅದರಲ್ಲಿ ಪ್ರೋಟೀನ್ ಜಾಸ್ತಿ, ಮೈಗೆ ಬೇಡದ ಪ್ರೋಟೀನ್ ಯೂರಿಯಾ ಆಗಿ ಉಚ್ಚೆಯಲ್ಲಿ ಹೋಗುತ್ತೆ, ಕೆಳಗಿರೋ ಬ್ಯಾಕ್ಟೀರಿಯಾ ಅದನ್ನ ಅಮೋನಿಯಾ ಮಾಡುತ್ತೆ. ಅಂದ್ರೆ ನೀವು ಕಂತೆ ಕಂತೆ ಲೂಸರ್ನ್ ಹಾಕಿ ಆಮೇಲೆ ವಾಸನೆ ಅಂತ ಹಾಸಿಗೆ ಬೈಯೋದು ಸರಿಯಲ್ಲ. ಉಪ್ಪಿನ ಗಡ್ಡೆ ಬೇಜಾರಿಗೆ ನೆಕ್ಕಿ ನೆಕ್ಕಿ ಖಾಲಿ ಮಾಡೋ ಕುದುರೆನೂ ಹಾಗೇ, ನೀರು ಕುಡಿದು ಕುಡಿದು ಹರಿಸುತ್ತೆ. ಎರಡೂ ಇಲ್ದೆ ಇದ್ದಕ್ಕಿದ್ದಂಗೆ ಜಾಸ್ತಿ ಆಯ್ತು, ಅದ್ರಲ್ಲೂ ವಯಸ್ಸಾದ ಕುದುರೆ ಅಂದ್ರೆ ಅಂಗಡಿಗೆ ಹೋಗ್ಬೇಡಿ, ವೆಟ್ ಡಾಕ್ಟರಿಗೆ ಫೋನ್ ಮಾಡಿ. ಇನ್ನೊಂದು, ಮರ ಕೀಸಿದ ಬಿಳಿ ಸಿಪ್ಪೆ ಹಾಕಿದಾಗ ಉಚ್ಚೆ ಬಿದ್ದ ಜಾಗ ಸ್ವಲ್ಪ ಹೊತ್ತಾದ್ಮೇಲೆ ಕಿತ್ತಳೆ, ಕೆಂಪಗೆ ಕಾಣುತ್ತೆ, ನಾನು ಮೊದಲ ಸಲ ರಕ್ತ ಅಂತ ಹೆದರಿ ಕೂಗಾಡಿಬಿಟ್ಟಿದ್ದೆ. ಕುದುರೆ ಉಚ್ಚೆಗೆ ಗಾಳಿ ತಾಗಿದ್ರೆ ಹಾಗೇ ಬಣ್ಣ ಬರುತ್ತೆ. ಹೊರಗೆ ಬರುವಾಗ್ಲೇ ಕೆಂಪಗಿದ್ರೆ ಮಾತ್ರ ಗಾಬರಿ ಆಗಿ.

ಈಗ ಮಾಲು. ಪುಣೆಲಿ ಸುಲಭಕ್ಕೆ ಸಿಗೋದು ಮರದ ಪುಡಿ, ಮರ ಕೀಸಿದಾಗ ಬರೋ ಸುರುಳಿ ಸಿಪ್ಪೆ, ಭತ್ತದ ಹುಲ್ಲು, ಭತ್ತದ ಹೊಟ್ಟು, ತೆಂಗಿನ ನಾರಿನ ಪುಡಿ ಅಂದ್ರೆ ಕೋಕೋಪೀಟ್. ಯಾರ ಮಾತೂ ನಂಬದೆ ಮನೆಯಲ್ಲೇ ಒಂದು ಟೆಸ್ಟ್ ಮಾಡಿ, ಅಡಿಗೆ ಮನೆ ತಕ್ಕಡಿ ಸಾಕು, ಮನೆಯೋರು ಬೈದ್ರೆ ನನ್ನ ಹೆಸರು ಹೇಳ್ಬೇಡಿ. ಒಂದೊಂದೂ 100 ಗ್ರಾಂ ತೂಗಿ ಹಳೇ ಪಂಚೆ ತುಂಡಲ್ಲಿ ಗಂಟು ಕಟ್ಟಿ, ಅರ್ಧ ಗಂಟೆ ಬಕೆಟ್ ನೀರಲ್ಲಿ ಮುಳುಗಿಸಿ, ಆಮೇಲೆ ನಲ್ಲಿಗೆ ನೇತುಹಾಕಿ ನೀರು ತೊಟ್ಟಿಕ್ಕೋದು ನಿಂತ ಮೇಲೆ ಮತ್ತೆ ತೂಗಿ. ನಾನು ಮಾಡಿದಾಗ ಹುಲ್ಲು, ಮರದ ಸಿಪ್ಪೆ ಎರಡೂ ತಮ್ಮ ತೂಕದ ಎರಡು ಮೂರು ಪಟ್ಟು ನೀರು ಹಿಡಿದ್ವು, ಕೋಕೋಪೀಟ್ ಆರು ಪಟ್ಟೂ ದಾಟಿತು, ಭತ್ತದ ಹೊಟ್ಟು ಮಾತ್ರ ಛತ್ರಿ ಥರ, ನೀರೆಲ್ಲಾ ಕೆಳಗೆ. ಅದರ ಮೈಯಲ್ಲಿ ಸಿಲಿಕಾ ಜಾಸ್ತಿ, ಅದಕ್ಕೇ ಹೀರಲ್ಲ. ಕೋಳಿ ಫಾರಮ್ಮಿಗೆ ಸರಿ, ದಿನಾ ಹತ್ತು ಲೀಟರ್ ಹತ್ತಿರ ಉಚ್ಚೆ ಮಾಡೋ ಪ್ರಾಣಿಗೆ ಒಂಟಿಯಾಗಿ ಸಾಲಲ್ಲ.

ಆದ್ರೂ ಹೊಟ್ಟನ್ನ ಪೂರ್ತಿ ತಳ್ಳಿಹಾಕಲ್ಲ ನಾನು. ಮಾವಳ ಕಡೆ ಇಂದ್ರಾಯಣಿ ಅಕ್ಕಿ ಬೆಳೀತಾರಲ್ಲ, ಅಲ್ಲಿನ ಮಿಲ್ಲುಗಳಿಂದ ಹೊಟ್ಟು ಅಗ್ಗಕ್ಕೆ ಬರುತ್ತೆ, ಅದನ್ನ ಅಡಿಗೆ ಹಾಕಿ ಮೇಲೆ ಸಿಪ್ಪೆ ಹಾಕಿದ್ರೆ ನೀರು ಇಳಿದು ಇಳಿಜಾರಲ್ಲಿ ಮೋರಿಗೆ ಹೋಗುತ್ತೆ, ಮೇಲಿನದು ಒಣಗೇ ಇರುತ್ತೆ. ಆದ್ರೆ ನೆಲಕ್ಕೆ ಇಳಿಜಾರು ಇದ್ರೆ ಮಾತ್ರ ಈ ಮಾತು, ಹನ್ನೆರಡು ಅಡಿಗೆ ಎರಡು ಇಂಚು ಇಳಿಜಾರು ಸಾಕು. ಮತ್ತೆ ಕೆರೆಯೋ ಕುದುರೆಗೆ ಇದು ಆಗಲ್ಲ, ಒಂದೇ ರಾತ್ರಿಲಿ ಅಡಿಯದ್ದು ಮೇಲೆ, ಮೇಲಿನದ್ದು ಅಡಿಗೆ.

ಭತ್ತದ ಹುಲ್ಲು ಮೆತ್ತಗೆ, ಬೆಚ್ಚಗೆ, ನೋಡೋಕೂ ಚಂದ, ಗೊಬ್ಬರನೂ ಬೇಗ ಆಗುತ್ತೆ. ತೊಂದರೆ ಏನಂದ್ರೆ ಈ ಕುದುರೆ ಮಹಾಶಯರು ಅದನ್ನ ಹಾಸು ಅಂತ ನೋಡಲ್ಲ, ಊಟ ಅಂತ ನೋಡ್ತಾರೆ. ಗಟ್ಟಿ ನಾರು ಹೊಟ್ಟೆ ತುಂಬಾ ತಿಂದು, ನೀರು ಕಮ್ಮಿ ಕುಡಿದ್ರೆ ಕರುಳಲ್ಲಿ ಕಟ್ಟಿಕೊಂಡು ಹೊಟ್ಟೆನೋವು, ಕಾಲಿಕ್. ರಾತ್ರಿ ಎರಡು ಗಂಟೆಗೆ ಕುದುರೆ ನಡೆಸ್ತಾ ಡಾಕ್ಟರಿಗೆ ಕಾಯೋದು ಏನು ಅಂತ ಒಂದು ಸಲ ಅನುಭವಿಸಿದೋರು ತಿನ್ನೋ ಕುದುರೆಗೆ ಮತ್ತೆ ಹುಲ್ಲು ಹಾಸಲ್ಲ. ತಿನ್ನದೇ ಇರಲಿ ಅಂತ ಹುಲ್ಲಿಗೆ ಸೋಪಿನ ನೀರು, ಬೇವಿನೆಣ್ಣೆ ಚಿಮುಕಿಸಿ ಅಂತೆಲ್ಲಾ ಹೇಳ್ತಾರೆ, ಆ ತಾಪತ್ರಯಕ್ಕಿಂತ ರಾತ್ರಿ ತಿನ್ನೋ ಮೇವು ಜಾಸ್ತಿ ಕೊಟ್ಟು ಹಾಸು ಬದಲಾಯಿಸೋದು ವಾಸಿ.

ಮರದ ಪುಡಿಗೆ ಬರೋಣ, ಯಾಕಂದ್ರೆ ಇಲ್ಲಿ ಬಹಳ ಜನ ಕೊನೆಗೆ ಬಂದು ನಿಲ್ಲೋದು ಇಲ್ಲೇ. ಭವಾನಿ ಪೇಠ್ ಕಡೆ ಟಿಂಬರ್ ಮಾರ್ಕೆಟ್ ಇದೆ, ಸುತ್ತ ಬೇಕಾದಷ್ಟು ಗರಗಸ. ಪುಡಿಗೂ ಸಿಪ್ಪೆಗೂ ವ್ಯತ್ಯಾಸ ತಿಳ್ಕೊಳ್ಳಿ, ನುಣ್ಣಗಿನ ಪುಡಿ ಧೂಳು ಏಳುತ್ತೆ, ಕುದುರೆ ಕೆಮ್ಮುತ್ತೆ, ಸುರುಳಿ ಸುರುಳಿಯಾಗಿರೋ ಸಿಪ್ಪೆ ಕೇಳಿ ತಗೊಳ್ಳಿ. ಪ್ಲೈವುಡ್, ಎಂಡಿಎಫ್ ಥರದ ಅಂಟಿಸಿ ಮಾಡಿದ ಹಲಗೆ ಕೊಯ್ಯೋ ಕಡೆಯಿಂದ ಬೇಡವೇ ಬೇಡ, ಅದರಲ್ಲಿ ಅಂಟು ಇರುತ್ತೆ. ನಮಗೆ ಒಂದು ಕಡೆಯಿಂದ ಬಂದ ಚೀಲದಲ್ಲಿ ಎರಡಿಂಚಿನ ಮೊಳೆ ಸಿಕ್ಕಿತ್ತು, ಸಿಕ್ಕಿದ್ದು ನನ್ನ ಬೆರಳಿಗೆ, ಪುಣ್ಯಕ್ಕೆ ಸಾಹುಕಾರನ ಗೊರಸಿಗಲ್ಲ. ಅವತ್ತಿಂದ ಕಾಕಾ ಹಳೇ ಸ್ಪೀಕರಿನ ಮ್ಯಾಗ್ನೆಟ್ಟಿಗೆ ಹಗ್ಗ ಕಟ್ಟಿ ಇಟ್ಕೊಂಡಿದಾರೆ, ಚೀಲ ಸುರಿದ ಮೇಲೆ ಒಂದು ಸಲ ಗಾಳ ಎಳೆದಂಗೆ ಎಳೀತಾರೆ. ಏನಾದ್ರೂ ಸಿಕ್ಕಿದ್ರೆ ಕಿಟಕಿ ಮೇಲಿನ ಬೋರ್ನ್‌ವಿಟಾ ಡಬ್ಬಕ್ಕೆ ಹಾಕ್ತಾರೆ, ಅರ್ಧ ಡಬ್ಬ ತುಂಬಿದೆ. ಬಾಯ್ಲರಿಗೆ ಅಂತ ಮಾರೋ ಪೆಲೆಟ್, ಅಂದ್ರೆ ಪುಡಿ ಒತ್ತಿ ಮಾಡಿದ ಗುಳಿಗೆ ಕೂಡ ಕೆಲವರು ಹಾಕಿ ನೋಡ್ತಾರೆ, ಅದರಲ್ಲಿ ಏನೇನು ಸೇರಿಸಿರ್ತಾರೋ, ನಾನು ಮುಟ್ಟಲ್ಲ.

ಕೋಕೋಪೀಟ್ ಹೀರೋದ್ರಲ್ಲಿ ರಾಜ, ಆದ್ರೆ ಕಂದು ಬಣ್ಣ, ಎಲ್ಲಿ ಒದ್ದೆ ಎಲ್ಲಿ ಒಣ ಕಣ್ಣಿಗೆ ಕಾಣಲ್ಲ, ಕೈ ಹಾಕೇ ನೋಡ್ಬೇಕು, ಮತ್ತೆ ಬಿಳಿ ಕುದುರೆ ಅಂದ್ರೆ ಬೆಳಿಗ್ಗೆ ಕಾಫಿಪುಡಿಯಲ್ಲಿ ಹೊರಳಾಡಿದಂಗಿರುತ್ತೆ. ನಾನು ಅದನ್ನ ನಡುಮಧ್ಯೆ ಉಚ್ಚೆ ಬೀಳೋ ಜಾಗಕ್ಕೆ ಮಾತ್ರ ಅಡಿಗೆ ಹಾಕ್ತೀನಿ, ಮೇಲೆ ಸಿಪ್ಪೆ. ಗೋವಾದಲ್ಲಿ ಕುದುರೆ ಇಟ್ಟಿರೋ ಫ್ರೆಂಡಿಗೆ ತೆಂಗಿನದ್ದೇ ಅಗ್ಗ, ಅವನು ಪೂರ್ತಿ ಅದೇ ಹಾಕ್ತಾನೆ, ಅಲ್ಲಿನ ಮಳೆಗೆ ಹುಲ್ಲು ಎರಡೇ ದಿನಕ್ಕೆ ಬೂಸ್ಟು ಹಿಡಿಯುತ್ತಂತೆ. ಕಬ್ಬಿನ ಸಿಪ್ಪೆ ಪುಕ್ಕಟೆ ಸಿಗುತ್ತೆ ಅಂತ ತರಬೇಡಿ, ಒದ್ದೆ ಆದ ಹಳೇ ಸಿಪ್ಪೆಯ ಬೂಸ್ಟು ಮನುಷ್ಯರ ಪುಪ್ಪುಸಕ್ಕೂ ಕೆಟ್ಟದ್ದು, ಅದರಿಂದ ಬರೋ ಕಾಯಿಲೆಗೆ ಬಗಾಸೋಸಿಸ್ ಅಂತ ಹೆಸರೇ ಇದೆ.

ರಬ್ಬರ್ ಮ್ಯಾಟ್ ಹಾಕಿದ್ರೆ ಹಾಸೇ ಬೇಡ ಅಂತ ಹೇಳೋರಿದಾರೆ. ನಮ್ಮ ಲಾಯದ ನೆಲ ಶಹಾಬಾದ್ ಕಲ್ಲು, ಪುಣೆಲಿ ಎಲ್ಲಿ ನೋಡಿದ್ರೂ ನಮ್ಮ ಕಲಬುರಗಿ ಕಡೆಯ ಅದೇ ಕಲ್ಲು, ಒದ್ದೆ ಆದ್ರೆ ಜಾರುತ್ತೆ, ಹಂಗಾಗಿ ಮ್ಯಾಟ್ ನಾವೂ ಹಾಕಿದೀವಿ. ಆದ್ರೆ ಬರೀ ಮ್ಯಾಟ್ ಮೇಲೆ ಉಚ್ಚೆ ಕಾಲಿಗೆ ಸಿಡಿಯುತ್ತೆ, ಕುದುರೆಗೆ ಅದು ಆಗಲ್ಲ, ಎಷ್ಟೋ ಗಂಡು ಕುದುರೆ ಮೆತ್ತಗಿನ ಜಾಗ ಸಿಗೋ ತನಕ ತಡಕೊಂಡೇ ನಿಂತಿರುತ್ತೆ. ಮತ್ತೆ ನಿದ್ದೆ ವಿಷಯ, ಕುದುರೆ ನಿಂತೇ ತೂಕಡಿಸುತ್ತೆ ಸರಿ, ಗಾಢ ನಿದ್ದೆಗೆ ಮಲಗಲೇಬೇಕು, ದಿನಕ್ಕೆ ಅರ್ಧ ಒಂದು ಗಂಟೆ ಆದ್ರೂ. ಮ್ಯಾಟ್ ಇದ್ರೆ ಮೂರ್ನಾಲ್ಕು ಇಂಚು ಹಾಸು, ಇಲ್ದಿದ್ರೆ ಆರಿಂಚು. 12 ಅಡಿಗೆ 12 ಅಡಿ ಲಾಯಕ್ಕೆ ಆರಿಂಚು ಅಂದ್ರೆ 72 ಘನ ಅಡಿ ಮಾಲು, ಚೀಲದ ಲೆಕ್ಕ ಹಾಕುವಾಗ ಇದು ನೆನಪಿರಲಿ. ಗೋಡೆಗುಂಟ ಸ್ವಲ್ಪ ಎತ್ತರಕ್ಕೆ ದಿಬ್ಬ ಕಟ್ಟಿ, ಹೊರಳಾಡಿ ಗೋಡೆಗೆ ಸಿಕ್ಕಾಕೊಳ್ಳೋದು ಕಮ್ಮಿ. ಮ್ಯಾಟ್ ಸಂದಿಯಲ್ಲಿ ಇಳಿದ ಉಚ್ಚೆ ಅಡಿಯಲ್ಲೇ ಕೊಳೆಯುತ್ತೆ, ಆಗಾಗ ಎತ್ತಿ ತೊಳೀಬೇಕು, ಇಬ್ಬರ ಕೆಲಸ, ಸೊಂಟ ಹಿಡಿಯುತ್ತೆ.

ಸಾಹುಕಾರನದ್ದು ನಿಜವಾದ ರೋಗ ಕಲಸೋದು. ಕುದುರೆ ದಿನಕ್ಕೆ ಸುಮಾರು 20 ಕಿಲೋ ಲದ್ದಿ ಹಾಕುತ್ತೆ, ಒಳ್ಳೇ ಕುದುರೆ ಹಾಕಿ ಪಕ್ಕಕ್ಕೆ ಹೋಗುತ್ತೆ, ಇವನು ಅದರ ಮೇಲೇ ಡ್ಯೂಟಿ ಮಾಡ್ತಾನೆ. ಇಂಥವರಿಗೆ ದಪ್ಪ ಸಿಪ್ಪೆನೇ ಸರಿ, ಹಲ್ಲಿನ ಫೋರ್ಕಲ್ಲಿ ಅಲ್ಲಾಡಿಸಿದ್ರೆ ಲದ್ದಿ ಮೇಲೆ ಉಳಿದು ಸಿಪ್ಪೆ ಕೆಳಗೆ ಜಾರುತ್ತೆ, ಹುಲ್ಲಾದ್ರೆ ಸುತ್ತಿಕೊಂಡು ಒಳ್ಳೇದೂ ಬುಟ್ಟಿಗೆ. ಲದ್ದಿ ಮಾತ್ರ ತೆಗೆದು ಮೇಲೆ ಮೇಲೆ ಹೊಸದು ಹಾಕಿ ವಾರಗಟ್ಟಲೆ ಬಿಡೋ ಪದ್ಧತಿ ಇದೆಯಲ್ಲ, ಅದು ಕಲಸೋ ಕುದುರೆಗೆ ಆಗಲ್ಲ. ಮತ್ತೆ ದಿನಕ್ಕೊಂದು ಸಲ ಪೂರ್ತಿ ಕ್ಲೀನ್ ಮಾಡೋದಕ್ಕಿಂತ ನಾಲ್ಕು ಸಲ ಬರೀ ಲದ್ದಿ ಎತ್ತೋದು ಮೇಲು. ರಾತ್ರಿ ಹತ್ತಕ್ಕೆ ಕಾಕಾ ಒಂದು ಬುಟ್ಟಿ ಹಿಡ್ಕೊಂಡು ಹೋಗಿ ಬರ್ತಾರೆ, ಆ ಒಂದು ಬುಟ್ಟಿಯಿಂದ ಬೆಳಗಿನ ಕೆಲಸ ಅರ್ಧ ಇಳಿದಿದೆ. ಇವನು ನೀರಿನ ಬಕೆಟ್ಟೂ ಬೀಳಿಸ್ತಿದ್ದ, ಅದನ್ನ ಹಳೇ ಟೈರೊಳಗೆ ಕೂರಿಸಿದ್ವಿ, ಅರ್ಧ ಒದ್ದೆ ಅಲ್ಲಿಗೇ ನಿಂತ್ಹೋಯ್ತು, ನಾವು ಅಷ್ಟು ದಿನ ಅದನ್ನೂ ಉಚ್ಚೆ ಲೆಕ್ಕಕ್ಕೆ ಬರೀತಿದ್ವಿ.

ಹಾಸು ಸಾಕಾ ಅಂತ ನೋಡೋಕೆ ಬೆಳಿಗ್ಗೆ ಬಾಗಿಲು ತೆಗೆದ ತಕ್ಷಣ ಒಳಗೆ ಹೋಗಿ ಮೊಣಕಾಲೂರಿ ಕೂತು ಉಸಿರು ಎಳೀರಿ, ಮಲಗಿದ ಕುದುರೆ ಮೂಗು ಇರೋದು ಆ ಎತ್ತರದಲ್ಲಿ. ಕಣ್ಣು ಉರಿದ್ರೆ ನೀವು ನಿಂತಾಗ ವಾಸನೆ ಇಲ್ಲ ಅನ್ನೋದು ಲೆಕ್ಕಕ್ಕಿಲ್ಲ. ಗೊರಸೂ ಎತ್ತಿ ನೋಡಿ, ತಳದ ಮೂರು ಮೂಲೆಯ ಮೆತ್ತಗಿನ ಭಾಗದ ಪಕ್ಕದ ಸಂದಿಯಲ್ಲಿ ಕಪ್ಪಗೆ, ಕೊಳೆತ ವಾಸನೆ ಬಂದ್ರೆ ಹಾಸು ಒದ್ದೆ ಇದೆಯಾ ಅಂತ ಮೊದಲು ನೋಡಿ. ವಾಸನೆಗೆ ಅಂತ ಸುಣ್ಣ ಎರಚೋರಿದಾರೆ, ಗೋಡೆಗೆ ಬಳಿಯೋ ಸುಣ್ಣ ಚರ್ಮ ಸುಡುತ್ತೆ, ಬೇಡ. ಸೀಗಡಿ ಕೊಳಕ್ಕೆ ಹಾಕೋ ಜಿಯೋಲೈಟ್ ಅನ್ನೋ ಖನಿಜದ ಪುಡಿ ಸಿಗುತ್ತೆ, ಒದ್ದೆ ತೆಗೆದ ಜಾಗಕ್ಕೆ ಎರಡು ಹಿಡಿ ಹಾಕಿ ಮೇಲೆ ಹಾಸು ಎಳೆದ್ರೆ ಅಮೋನಿಯಾ ಹಿಡ್ಕೊಳ್ಳುತ್ತೆ. ತಮಾಷೆ ಏನಂದ್ರೆ ನಮ್ಮ ವಾಘೋಲಿಯ ಕಲ್ಲಿನ ಕ್ವಾರಿಗಳೇ ಜಿಯೋಲೈಟ್ ಹರಳಿಗೆ ಹೆಸರುವಾಸಿ, ನಾವು ಪುಡಿನ ಅಂಗಡಿಯಿಂದ ದುಡ್ಡು ಕೊಟ್ಟು ತರ್ತೀವಿ.

ಖರ್ಚಿನ ಲೆಕ್ಕ ಚೀಲದ ರೇಟಲ್ಲಿ ಮಾಡ್ಬೇಡಿ, ಹೊರಗೆ ಹೋಗೋ ಬುಟ್ಟಿಯಲ್ಲಿ ಮಾಡಿ. ಒಂದು ವಾರ ದಿನಾ ಎಷ್ಟು ಬುಟ್ಟಿ ಎಸೆದ್ರಿ, ಎಷ್ಟು ಚೀಲ ಹೊಸದು ಹಾಕಿದ್ರಿ ಅಂತ ಗೋಡೆ ಮೇಲೆ ಗೀಟು ಹಾಕಿ. ನಮ್ಮಲ್ಲಿ ಅಗ್ಗದ ಪುಡಿಗೆ ದಿನಾ ಏಳೆಂಟು ಬುಟ್ಟಿ ಹೋಗ್ತಿತ್ತು, ದುಬಾರಿ ಸಿಪ್ಪೆಗೆ ನಾಲ್ಕು. ಎಸೆದದ್ದು ಎಲ್ಲಿಗೆ ಹೋಗುತ್ತೆ ಅನ್ನೋದೂ ಖರ್ಚೇ, ಹುಲ್ಲಿನ ಗೊಬ್ಬರ ಪಕ್ಕದ ತೋಟದವರು ತಾವೇ ಟ್ರ್ಯಾಕ್ಟರ್ ತಂದು ಒಯ್ತಾರೆ, ಮರದ ಪುಡಿದು ಬೇಗ ಕೊಳೆಯಲ್ಲ, ಹಸಿದೇ ಹಾಕಿದ್ರೆ ಮಣ್ಣಿನ ನೈಟ್ರೋಜನ್ ಎಳ್ಕೊಳ್ಳುತ್ತೆ ಅಂತ ಅವರಿಗೂ ಗೊತ್ತು, ಒಂದು ವರ್ಷ ಗುಡ್ಡೆ ಹಾಕಿ ಮಗುಚಿ ಕೊಡ್ಬೇಕು.

ಮಳೆಗಾಲದ ಸ್ಟಾಕ್ ಮೇ ತಿಂಗಳೊಳಗೇ ತಂದಿಡಿ, ಜೂನ್ ದಾಟಿದ್ರೆ ಮಿಲ್ಲಲ್ಲೇ ಒದ್ದೆ ಆಗಿರುತ್ತೆ. ಮಾಲು ಇಳಿಸುವಾಗ ಮೇಲಿನ ಚೀಲ ನೋಡಿ ದುಡ್ಡು ಕೊಡ್ಬೇಡಿ, ತಳದ ಸಾಲಿನ ಚೀಲಕ್ಕೆ ಮೊಣಕೈ ತನಕ ಕೈ ಹಾಕಿ, ಒಳಗೆ ಬಿಸಿ ಅನಿಸಿದ್ರೆ ಆಗಲೇ ಬೂಸ್ಟು ಶುರು, ಅಲ್ಲೇ ಟೆಂಪೋಗೆ ವಾಪಸ್ ಏರಿಸಿ. ಇಟ್ಕೊಂಡಿದ್ದನ್ನ ಹಲಗೆ ಮೇಲೆ, ಗೋಡೆಯಿಂದ ಒಂದು ಗೇಣು ದೂರ ಜೋಡಿಸಿ, ಗೋಡೆ ತೇವ ಎಳೆಯುತ್ತೆ. ಪಾಲಿಥೀನ್ ಹಾಳೆ ಮೇಲ್ಗಡೆ ಮಾತ್ರ ಹೊದಿಸಿ, ಪಕ್ಕಕ್ಕೆ ಗಾಳಿ ಬಿಡಿ, ಮತ್ತೆ ಆ ಚೀಲಗಳ ಸಂದಿಗೆ ಕೈ ಹಾಕೋ ಮುಂಚೆ ಕಾಕಾ ಮಾಡಿದಂಗೆ ಒಂದು ಕೋಲಲ್ಲಿ ತಟ್ಟಿ, ವಾಘೋಲಿ ಕಡೆ ಹಾವು ಇವೆ.