ರಕ್ತನಾಳದ ಒಳಪದರವನ್ನು ಕಾಪಾಡಿಕೊಳ್ಳುವ ಬಗೆ

ಹೃದಯದ ರಕ್ತನಾಳಗಳಲ್ಲಿ ಕೊಬ್ಬು ಕಟ್ಟಿಕೊಳ್ಳುವುದಕ್ಕೆ ಬಹಳ ಮೊದಲೇ ಅವುಗಳ ಒಳಪದರವಾದ ಎಂಡೋಥೀಲಿಯಂ ಕೆಡಲು ಆರಂಭವಾಗಿರುತ್ತದೆ. ಒಂದೇ ಸಾಲಿನ ಜೀವಕೋಶಗಳಿಂದಾದ ಈ ಪದರವು ನೈಟ್ರಿಕ್ ಆಕ್ಸೈಡ್ ಎಂಬ ಅನಿಲವನ್ನು ತಯಾರಿಸಿ ನಾಳವನ್ನು ಹಿಗ್ಗಿಸುತ್ತದೆ, ರಕ್ತ ಹೆಪ್ಪುಗಟ್ಟದಂತೆಯೂ ಬಿಳಿ ರಕ್ತಕಣಗಳು ಗೋಡೆಗೆ ಅಂಟದಂತೆಯೂ ತಡೆಯುತ್ತದೆ. 1980ರಲ್ಲಿ ಅಮೆರಿಕದ ವಿಜ್ಞಾನಿ ರಾಬರ್ಟ್ ಫರ್ಚ್‌ಗಾಟ್ ಮತ್ತು ಅವರ ಸಹೋದ್ಯೋಗಿ ಮೊಲದ ಮಹಾಪಧಮನಿಯ ತುಂಡುಗಳಿಂದ ಈ ಪದರವನ್ನು ಉಜ್ಜಿ ತೆಗೆದಾಗ, ನಾಳವನ್ನು ಸಾಮಾನ್ಯವಾಗಿ ಸಡಿಲಗೊಳಿಸುವ ಅಸಿಟೈಲ್‌ಕೋಲೀನ್ ಎಂಬ ರಾಸಾಯನಿಕ ಹಾಕಿದರೂ ಅವು ಸಡಿಲಗೊಳ್ಳಲಿಲ್ಲ. ಇದೇ ಜಾಡಿನ ಸಂಶೋಧನೆಗೆ 1998ರಲ್ಲಿ ಫರ್ಚ್‌ಗಾಟ್ ಸೇರಿದಂತೆ ಮೂವರಿಗೆ ನೊಬೆಲ್ ದೊರೆಯಿತು.

ಧೂಮಪಾನ, ಅಧಿಕ ರಕ್ತದೊತ್ತಡ, ಸಕ್ಕರೆ ಕಾಯಿಲೆ ಮತ್ತು ಹೆಚ್ಚಿದ ಎಲ್‌ಡಿಎಲ್ (ಕೆಟ್ಟ) ಕೊಲೆಸ್ಟರಾಲ್ ನೈಟ್ರಿಕ್ ಆಕ್ಸೈಡನ್ನು ಕುಗ್ಗಿಸುತ್ತವೆ. ಆಗ ಎಲ್‌ಡಿಎಲ್ ಗೋಡೆಯೊಳಗೆ ಸೇರಿ ಆಕ್ಸಿಡೀಕರಣಗೊಂಡು, ಅದನ್ನು ನುಂಗಿದ ಬಿಳಿ ರಕ್ತಕಣಗಳೇ ಅಲ್ಲಿ ಕೊಬ್ಬಿನ ಗಡ್ಡೆಗೆ ಬುನಾದಿಯಾಗುತ್ತವೆ.

ಒಳಪದರವನ್ನೇ ಅಳೆಯುವ ಪರೀಕ್ಷೆಯನ್ನು ಹುಡುಕಿಕೊಂಡು ಅಲೆಯಬೇಕಿಲ್ಲ. ತೋಳಿಗೆ ಪಟ್ಟಿ ಬಿಗಿದು ಐದು ನಿಮಿಷ ರಕ್ತಸಂಚಾರ ತಡೆದು, ಬಿಟ್ಟ ಮೇಲೆ ನಾಳ ಎಷ್ಟು ಹಿಗ್ಗಿತೆಂದು ಅಲ್ಟ್ರಾಸೌಂಡಿನಲ್ಲಿ ನೋಡುವ ವಿಧಾನವಿದೆಯಾದರೂ ಅದು ಹೆಚ್ಚಾಗಿ ಸಂಶೋಧನೆಗೇ ಸೀಮಿತ. ಬಿಪಿ, ಸಕ್ಕರೆ ಮತ್ತು ಎಲ್‌ಡಿಎಲ್ ಪರೀಕ್ಷಿಸಿಕೊಂಡರೆ ಸಾಕು. ಸಕ್ಕರೆ ಕಾಯಿಲೆಯಿದ್ದವರು ಮೂತ್ರದಲ್ಲಿ ಆಲ್ಬುಮಿನ್ ಎಂಬ ಪ್ರೋಟೀನ್ ಹೋಗುತ್ತಿದೆಯೇ ಎಂಬುದನ್ನೂ ನೋಡಿಸಬೇಕು, ಏಕೆಂದರೆ ಅದು ಮೂತ್ರಪಿಂಡಕ್ಕೆ ಹಾನಿಯಾಗುತ್ತಿರುವುದರ ಜೊತೆಗೆ ಸಣ್ಣ ನಾಳಗಳ ಒಳಪದರ ಹದಗೆಟ್ಟಿರುವುದನ್ನೂ ಸೂಚಿಸಬಹುದು.

ಬೀಡಿ, ಸಿಗರೇಟುಗಳನ್ನು ಕಡಿಮೆ ಮಾಡುವುದಲ್ಲ, ಪೂರ್ತಿ ಬಿಡಬೇಕು. ಅನಂತರದ ಸ್ಥಾನ, ನನ್ನ ದೃಷ್ಟಿಯಲ್ಲಿ, ನಡಿಗೆಯದು: ವೇಗವಾಗಿ ನಡೆಯುವಾಗ ಹೆಚ್ಚಿದ ರಕ್ತಪ್ರವಾಹವು ಒಳಪದರವನ್ನು ಸವರಿಕೊಂಡು ಹರಿಯುತ್ತದೆ, ಆ ಸವರಿಕೆಯೇ ನೈಟ್ರಿಕ್ ಆಕ್ಸೈಡ್ ತಯಾರಿಸುವ ಕಿಣ್ವವನ್ನು ಎಚ್ಚರಿಸುತ್ತದೆ. ನಾಳಗಳು ಕವಲೊಡೆಯುವಲ್ಲಿ ಹರಿವು ಅಸ್ತವ್ಯಸ್ತವಾಗಿರುವುದರಿಂದಲೇ ಗಡ್ಡೆಗಳು ಅಲ್ಲಿ ಹೆಚ್ಚಾಗಿ ಕಾಣುತ್ತವೆ. ವಾರಕ್ಕೆ ಕನಿಷ್ಠ 150 ನಿಮಿಷದ ಚುರುಕು ನಡಿಗೆಯನ್ನು ಕೆಲವು ದಿನಗಳಿಗೆ ಹಂಚಿಕೊಳ್ಳಿ. ಎದೆನೋವು ಇರುವವರು ಮೊದಲು ವೈದ್ಯರನ್ನು ಕೇಳಬೇಕು.

ದಿನದ ಉಪ್ಪು 5 ಗ್ರಾಮಿನೊಳಗಿರಲಿ. ಉಪ್ಪಿನಕಾಯಿ, ಹಪ್ಪಳಗಳ ಉಪ್ಪೂ ಈ ಲೆಕ್ಕಕ್ಕೆ ಸೇರಿದ್ದೇ. ದಂಟು, ಪಾಲಕ್, ಬೀಟ್ರೂಟ್‌ಗಳಲ್ಲಿರುವ ನೈಟ್ರೇಟನ್ನು ಬಾಯಿಯ ಬ್ಯಾಕ್ಟೀರಿಯಾಗಳು ನೈಟ್ರೈಟ್ ಆಗಿಸಿ, ದೇಹವು ಅದರಿಂದ ನೈಟ್ರಿಕ್ ಆಕ್ಸೈಡ್ ಪಡೆಯುತ್ತದೆ.

ಹಾಗೆಂದು ನೈಟ್ರಿಕ್ ಆಕ್ಸೈಡ್ ಹೆಚ್ಚಿಸುವುದಾಗಿ ಹೇಳಿಕೊಳ್ಳುವ ಪುಡಿ, ಮಾತ್ರೆಗಳನ್ನು ಕೊಳ್ಳಬೇಡಿ. ಹೃದಯಾಘಾತವಾದವರಿಗೆ ದೇಹ ನೈಟ್ರಿಕ್ ಆಕ್ಸೈಡ್ ತಯಾರಿಸಲು ಬಳಸುವ ಎಲ್-ಆರ್ಜಿನೀನ್ ಎಂಬ ಅಮೈನೋ ಆಮ್ಲವನ್ನು ಕೊಟ್ಟು ನೋಡಿದ ಅಮೆರಿಕದ ಅಧ್ಯಯನವೊಂದರಲ್ಲಿ ಅದನ್ನು ಪಡೆದ 6 ಮಂದಿ ಸತ್ತರು, ಪಡೆಯದ ಗುಂಪಿನಲ್ಲಿ ಯಾರೂ ಸಾಯಲಿಲ್ಲ. 2006ರಲ್ಲಿ ಪ್ರಕಟವಾದ ಆ ಅಧ್ಯಯನವನ್ನು ನಡುವೆಯೇ ನಿಲ್ಲಿಸಬೇಕಾಯಿತು. ವೈದ್ಯರು ಬರೆದುಕೊಟ್ಟ ಸ್ಟ್ಯಾಟಿನ್ (ಕೊಲೆಸ್ಟರಾಲ್ ಇಳಿಸುವ ಔಷಧಿ) ಅಥವಾ ಬಿಪಿ ಮಾತ್ರೆಯನ್ನು ಇಂತಹ ಪುಡಿ ನಂಬಿ ನಿಲ್ಲಿಸುವುದಂತೂ ಕೂಡದು.