ನಮ್ಮ ಡ್ಯೂಟಿ ಅಲ್ಲದ ಕೆಲಸ: ವೃದ್ಧಾಶ್ರಮದಾಗ ನನ್ನ ಅನುಭವ

ಕೊಪ್ಪಳ ಕಡಿ ಒಂದು ವೃದ್ಧಾಶ್ರಮದಾಗ ಕೇರ್‌ಟೇಕರ್ ಆಗಿ ಅದೀನ್ರಿ. ಜಳಕ ಮಾಡ್ಸೋದು, ಅರಬಿ ಬದಲ್ಸೋದು, ಊಟ ಮಾಡ್ಸೋದು, ರಾತ್ರಿ ಎದ್ದು ನೋಡೋದು, ಇಷ್ಟ ನಮ್ಮ ಡ್ಯೂಟಿ. ಆದ್ರ ಅಜ್ಜ ಅಜ್ಜಿಗೋಳು ಡ್ಯೂಟಿ ಚಾರ್ಟ್ ನೋಡಿ ಕೇಳಂಗಿಲ್ಲ, ಯಾರು ಎದುರಿಗೆ ಸಿಗ್ತಾರೋ ಅವರ್ನ ಕೇಳ್ತಾರ. ಯವ್ವಾ ಮಗಳಿಗೆ ಫೋನ್ ಹಚ್ಚು, ಯವ್ವಾ ಗವಿಮಠದ ತೇರು ಮೊಬೈಲ್‌ನಾಗ ತೋರ್ಸು ಅಂತ. ಇವಕ್ಕೆಲ್ಲ ನಾ ಇಲ್ಲ ಅನ್ನಂಗಿಲ್ಲ.

ದೊಡ್ಡ ಕೆಲಸ ಅಂದ್ರ ಪಿಂಚಣಿದಾರರ ಲೈಫ್ ಸರ್ಟಿಫಿಕೇಟ್, ಅಂದ್ರ ಪಿಂಚಣಿ ನಿಲ್ಲಬಾರ್ದು ಅಂತ ಇನ್ನೂ ಬದುಕೀನಿ ಅಂತ ವರ್ಷಾ ಕೊಡೋ ಪತ್ರ. ಸೆಂಟ್ರಲ್ ಪಿಂಚಣಿ ಇದ್ದೋರು ನವೆಂಬರ್‌ನಾಗ ಕೊಡ್ಬೇಕು, 80 ದಾಟಿದೋರು ಅಕ್ಟೋಬರ್ 1ರಿಂದನ ಕೊಡಬಹುದು. ನಮ್ಮಲ್ಲಿ ರೈಲ್ವೆ ಗ್ಯಾಂಗ್‌ಮನ್ ಆಗಿದ್ದ ಅಜ್ಜಾರೊಬ್ರು ಅದಾರ, ಹಳಿ ಮ್ಯಾಲ ದುಡಿದು ದುಡಿದು ಬೆರಳಿನ ಗೆರಿ ಸವ್ದು ಬೆರಳಚ್ಚು ಮಷಿನ್ ತಗೊಳ್ಳಂಗೇ ಇಲ್ಲ. ಮುಖ ತೋರ್ಸಿ ಮಾಡೋದು 2021ರಿಂದ ಬಂದೈತಿ, ಅದು ಇಂಥೋರಿಗೆ ಭಾಳ ಅನುಕೂಲ. ಫೋನ್‌ನಾಗ ಎರಡು ಆ್ಯಪ್ ಬೇಕು, ಜೀವನ್ ಪ್ರಮಾಣ್ ಮತ್ತ ಆಧಾರ್ ಫೇಸ್ ಆರ್‌ಡಿ, ಮೊದ್ಲು ಆಪರೇಟರ್ ಅಂತ ನಮ್ಮ ಆಧಾರ್, ನಮ್ಮ ಮುಖ ಕೊಡ್ಬೇಕು, ಆಮ್ಯಾಗ ಅವರ್ದು, ಅಂದ್ರ ನಮ್ಮ ಹೆಸರೂ ಅದ್ರಾಗ ಸೇರ್ತೈತಿ, ಅದಕ್ಕ ಮ್ಯಾನೇಜರ್ ಅಕ್ಕಾರಿಗೆ ಹೇಳಲಾರದ ನಾ ಶುರುನ ಮಾಡಂಗಿಲ್ಲ.

ಕಿಟಕಿಗೆ ಬೆನ್ನು ಮಾಡಿ ಕುಂದ್ರಸಬ್ಯಾಡ್ರಿ, ಬೆಳಕು ಮುಖದ ಮ್ಯಾಲ ಬೀಳ್ಬೇಕು, ಚಾಳೀಸು ತಗೀರಿ. ಕಣ್ಣು ಮಿಟುಕಸ್ರಿ ಅಂದ್ರ ಅಜ್ಜಾರು ಗಟ್ಟಿ ಮುಚ್ಚಿ ಹಂಗ ಇರ್ತಾರ, ಅದಕ್ಕ ನಾ ಫೋನ್ ಹಿಂದ ನಿಂತು ನನ್ನ ಕಣ್ಣು ಮಿಟುಕ್ಸಿ ತೋರಸ್ತೀನಿ, ನನ್ನ ನೋಡಿ ಅವರೂ ಮಿಟುಕಸ್ತಾರ, ತಟ್ನ ತಗೋತೈತಿ. ಸರ್ಟಿಫಿಕೇಟ್ ಆದ ಮ್ಯಾಲ ಬಂದ ಅದರ ನಂಬರ್ ಅವರ ಡೈರಿಯಾಗೂ ಆಫೀಸ್ ರಿಜಿಸ್ಟರ್‌ನಾಗೂ ಬರೀತೀನಿ.

ಆದ್ರ ಕೆಲವಕ್ಕ ನಾ ಕೈ ಹಚ್ಚಂಗಿಲ್ಲ. ಎಟಿಎಂ ಪಿನ್ ಹೇಳಾಕ ಬಂದ್ರ ಅಲ್ಲೇ ತಡೀತೀನಿ, ಎಷ್ಟ ನಂಬಿಕಿ ಇದ್ರೂ. ಇನ್ಸುಲಿನ್ ಸಿಸ್ಟರ್ ಕೆಲಸ, ಅವರು ಲೇಟಾದ್ರ ಫೋನ್ ಮಾಡ್ತೀನಿ, ಸೂಜಿ ಮುಟ್ಟಂಗಿಲ್ಲ. ಉಯಿಲಿಗೆ ಇಬ್ರು ಸಾಕ್ಷಿ ಬೇಕಂತ ಕಾನೂನೈತಿ, ಸಂಬಂಧಿಕ್ರು ಬಂದು ನೀನ ಒಂದ್ ಸೈನ್ ಹಾಕವ್ವ ಅಂತಾರ, ಸಂಬಳಕ್ಕ ಅವರ್ನ ನೋಡ್ಕೊಳ್ಳೋ ನಾವು ಹಾಕಿದ್ರ ನಾಳಿ ತಕರಾರು ಬಂದಾಗ ಅಜ್ಜಿ ಮಾತಿಗೇ ಬೆಲಿ ಹೋಗ್ತೈತಿ. ಒತ್ತಾಯದಿಂದ ಹೆಬ್ಬಟ್ಟು ಒತ್ತಸಾಕತ್ಯಾರ ಅನಿಸಿದ್ರ ಅಕ್ಕಾರಿಗೆ ಹೇಳ್ರಿ, ಹಿರಿಯರ ಸಹಾಯವಾಣಿ 14567 ಐತಿ.

ಇವೆಲ್ಲ ನಮ್ಮ ಊಟದ ಟೈಮ್, ನಿದ್ದಿ ಟೈಮ್‌ನಾಗ ಮಾಡೋದಲ್ರಿ. ಈಗ ನಮ್ಮಲ್ಲಿ ಸರ್ಟಿಫಿಕೇಟ್ ದಿನ ಅಂತ ಚಾರ್ಟ್‌ನಾಗ ಬರೀತಾರ, ಅವತ್ತು ರೂಮ್‌ಗಳಿಗೆ ನನ್ನ ಬದ್ಲಿ ಇನ್ನೊಬ್ರು ಇರ್ತಾರ. ನೀವೂ ಕೇಳಿ ಬರಸ್ಕೋರಿ.